ತೊಟ್ಟಿಲ ಹಗ್ಗ ಮತ್ತು ಹತ್ತನೆಯ ತರಗತಿ

ಪಾಠ ನಡೆದಿರುವಾಗ ತೂಕಡಿಸುವ ವಿದ್ಯಾರ್ಥಿಯನ್ನು ಕಂಡರೆ ಯಾವ ಮಾಸ್ತರನಿಗೂ ಸಿಟ್ಟು ಬರುತ್ತದೆ. ನನಗೂ ಬಂದಿತ್ತು. ಕಳೆದ ವರ್ಷ ಹತ್ತನೆಯ ತರಗತಿಯಲ್ಲಿ ವಿದ್ಯುತ್ತಿನ ಪಾಠ ಮಾಡುತ್ತಿದ್ದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ತಲೆ ವಾಲಿಸಿದ್ದಳು. ಹಿಂದಿನ ಎರಡು ದಿನವೂ ಹಾಗೆಯೇ ಆಗಿತ್ತು. ಅಂದು ತಡೆಯಲಾಗದೆ ಅವಳನ್ನು ಎಬ್ಬಿಸಿ ಪಾಠ ಮುಗಿಯುವವರೆಗೆ ನಿಲ್ಲಿಸಿದೆ. "ರಾತ್ರಿ ಇಡೀ ಮೊಬೈಲ್ ನೋಡುತ್ತೀಯಾ?" ಎಂದು ಎಲ್ಲರೆದುರು ಕೇಳಿದೆ. ಅವಳು ಮಾತಾಡಲಿಲ್ಲ.

ಶಾಲೆ ಬಿಟ್ಟ ಮೇಲೆ ಅವಳೇ ಬಂದು ನಿಂತಳು. "ಸರ, ಮನಿಯಾಗ ಎಂಟು ತಿಂಗಳ ತಮ್ಮ ಅದಾನ್ರಿ. ರಾತ್ರಿ ಮಲಗಂಗಿಲ್ರಿ. ತೊಟ್ಟಿಲಾ ನಿಂತ್ರ ಸಾಕು, ಎದ್ದು ಅಳ್ತಾನ್ರಿ" ಎಂದಳು. ತಂದೆ ಲಾರಿ ಚಾಲಕ, ತಿಂಗಳಲ್ಲಿ ಹೆಚ್ಚು ದಿನ ಊರಲ್ಲಿರುವುದಿಲ್ಲ. ತಾಯಿ ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾಳೆ, ನಸುಕಿನ ನಾಲ್ಕಕ್ಕೆ ಒಲೆ ಹಚ್ಚಬೇಕು. ಆದ್ದರಿಂದ ರಾತ್ರಿಯ ಪಾಳಿ ಮಗಳದು. ತೊಟ್ಟಿಲ ಹಗ್ಗದ ತುದಿಯನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು ಮಲಗುತ್ತಾಳಂತೆ. ಕೂಸು ಮಿಸುಕಿದರೆ ನಿದ್ದೆಗಣ್ಣಿನಲ್ಲೇ ಕಾಲು ಆಡಿಸುವುದು. ಹೆಬ್ಬೆರಳ ಬುಡದಲ್ಲಿ ಹಗ್ಗದ ಗುರುತು ಎದ್ದು ಕಾಣುತ್ತಿತ್ತು.

ನನಗೆ ನಾಚಿಕೆಯಾಯಿತು. ಮನೆಗೆ ಬಂದು ಹೆಂಡತಿಗೆ ಈ ಸಂಗತಿ ಹೇಳಿ, "ನಮ್ಮ ಮಗ ಒಳ್ಳೆಯವನಿದ್ದ ನೋಡು, ರಾತ್ರಿ ಪೂರ್ತಿ ಮಲಗುತ್ತಿದ್ದ" ಎಂದೆ. ನಮ್ಮ ಮಗ ಹುಟ್ಟಿದ್ದು 1997ರಲ್ಲಿ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ರಾತ್ರಿ ಪೂರ್ತಿ ಮಲಗಿದ್ದು ನಿಮ್ಮ ಮಗ ಅಲ್ರಿ, ನೀವು!" ಎಂದಳು. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಾನು ಒಂದು ತಪ್ಪು ವೀಕ್ಷಣೆಯನ್ನು ನಿಜವೆಂದು ನಂಬಿಕೊಂಡಿದ್ದೆ. ವಿಜ್ಞಾನದ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಆದ್ದರಿಂದ ಈ ವಾರ ಕೂಸಿನ ನಿದ್ದೆಯ ವಿಷಯ. ಇದು ತಾಯಂದಿರಿಗೆ ಮಾತ್ರ ಸೇರಿದ್ದೆಂದು ವಿದ್ಯಾರ್ಥಿಗಳು ಪುಟ ತಿರುವಬೇಡಿ. ಇದರಲ್ಲಿ ಭೌತಶಾಸ್ತ್ರವಿದೆ, ಜೀವಶಾಸ್ತ್ರವಿದೆ, ನಿಮ್ಮ ಪರೀಕ್ಷೆಯೂ ಇದೆ.

ಎಚ್ಚರವಾಗುವುದು ರೋಗವಲ್ಲ

ನಿದ್ದೆಯೆಂದರೆ ದೀಪ ಆರಿಸಿದಂತೆ ಒಂದೇ ಸಮನೆಯ ಕತ್ತಲೆಯಲ್ಲ. ಅದಕ್ಕೆ ಏರಿಳಿತಗಳಿವೆ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಇದನ್ನು ಜಗತ್ತಿಗೆ ತೋರಿಸಿಕೊಟ್ಟರು. ಅಸೆರಿನ್ಸ್ಕಿ ಮೊದಲು ಮಲಗಿದ ಹಸುಗೂಸುಗಳ ರೆಪ್ಪೆಗಳನ್ನೇ ಗಮನಿಸುತ್ತಿದ್ದರು. ಆಮೇಲೆ ತಮ್ಮ ಎಂಟು ವರ್ಷದ ಮಗನ ಕಣ್ಣಿನ ಬಳಿ ತಂತಿಗಳನ್ನು ಅಂಟಿಸಿ, ಹಳೆಯ ಯಂತ್ರವೊಂದರಲ್ಲಿ ರಾತ್ರಿಯಿಡೀ ದಾಖಲೆ ತೆಗೆದರು. ನಿದ್ದೆಯ ನಡುನಡುವೆ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯ ಒಳಗೇ ಚುರುಕಾಗಿ ಓಡಾಡುವ ಅವಧಿಗಳು ಇರುವುದು ತಿಳಿದದ್ದು ಹೀಗೆ. ನಾವು ಹೆಚ್ಚಾಗಿ ಕನಸು ಕಾಣುವುದು ಆ ಅವಧಿಯಲ್ಲಿ.

ದೊಡ್ಡವರಲ್ಲಿ ಈ ಏರಿಳಿತದ ಒಂದು ಸುತ್ತಿಗೆ ಸುಮಾರು 90 ನಿಮಿಷ ಬೇಕು. ಹಸುಗೂಸಿನಲ್ಲಿ 50ರಿಂದ 60 ನಿಮಿಷ ಸಾಕು. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಸಂಧಿಯಲ್ಲಿ ನಿದ್ದೆ ತೆಳುವಾಗುತ್ತದೆ. ನಾವೂ ಆಗ ಅರೆಎಚ್ಚರಗೊಂಡು, ಮಗ್ಗುಲು ಬದಲಿಸಿ, ಮತ್ತೆ ಮಲಗುತ್ತೇವೆ. ಬೆಳಗ್ಗೆ ಅದರ ನೆನಪೂ ಇರುವುದಿಲ್ಲ. ಕೂಸಿನ ಸುತ್ತು ಚಿಕ್ಕದು, ಆದ್ದರಿಂದ ಸಂಧಿಗಳು ಹೆಚ್ಚು.

ಅಂದರೆ ಕೂಸು ರಾತ್ರಿ ಎಚ್ಚರಗೊಳ್ಳುವುದು ಪ್ರಕೃತಿಯ ನಿಯಮ. ಎದ್ದ ಮೇಲೆ ತಾನಾಗಿ ಮತ್ತೆ ಮಲಗಲು ಬಾರದಿರುವುದೇ ನಮ್ಮ ತೊಂದರೆ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋದವರು ಇದನ್ನು ಸುಲಭವಾಗಿ ತಿಳಿಯಬಹುದು. ಬಸ್ಸು ಕುಲುಕುತ್ತ, ಗುಂಯ್‌ಗುಡುತ್ತ ಓಡುವಾಗ ಎಲ್ಲರೂ ಸುಖವಾಗಿ ಮಲಗಿರುತ್ತಾರೆ. ನಡುದಾರಿಯಲ್ಲಿ ಚಹಾಕ್ಕೆಂದು ಚಾಲಕ ಎಂಜಿನ್ ನಿಲ್ಲಿಸಿದನೋ, ಇಡೀ ಬಸ್ಸು ಎಚ್ಚರ! ಯಾರೂ ಕೂಗಲಿಲ್ಲ, ಯಾರೂ ಮುಟ್ಟಲಿಲ್ಲ. ಕುಲುಕಾಟ ನಿಂತದ್ದೇ ಎಬ್ಬಿಸಿತು. ತೊಟ್ಟಿಲಿನ ಕೂಸೂ ರಾತ್ರಿ ಬಸ್ಸಿನ ಪ್ರಯಾಣಿಕನೇ. ತೂಗುವಾಗ ನಿದ್ದೆ ಹತ್ತಿತು. ಸಂಧಿಯಲ್ಲಿ ಕಣ್ಣು ಬಿಟ್ಟಾಗ ತೂಗಾಟವಿಲ್ಲ. "ನನ್ನ ಬಸ್ಸು ಯಾಕೆ ನಿಂತಿತು?" ಎಂದು ಅದು ತನಗೆ ಗೊತ್ತಿರುವ ಒಂದೇ ಭಾಷೆಯಲ್ಲಿ ಕೇಳುತ್ತದೆ.

ತೊಟ್ಟಿಲೆಂಬ ಲೋಲಕ

ಹಾಗಾದರೆ ತೊಟ್ಟಿಲು ತಪ್ಪೇ? ಖಂಡಿತ ಅಲ್ಲ. ಬಣ್ಣಬಣ್ಣದ ಚಿತ್ರಗಳ ಕಲಘಟಗಿಯ ತೊಟ್ಟಿಲನ್ನು ತವರಿನಿಂದ ತರುವ ನಾಡು ನಮ್ಮದು. ತೂಗಿದರೆ ನಿದ್ದೆ ಬರುವುದೆಂಬ ನಮ್ಮ ಅಜ್ಜಿಯರ ಅನುಭವಕ್ಕೆ ಪ್ರಯೋಗಶಾಲೆಯ ಸಾಕ್ಷಿಯೂ ಇದೆ. ಜಿನೀವಾದ ವಿಜ್ಞಾನಿಗಳು ದೊಡ್ಡವರನ್ನೇ ಮೆಲ್ಲಗೆ ತೂಗುವ ಮಂಚದ ಮೇಲೆ ಮಧ್ಯಾಹ್ನ 45 ನಿಮಿಷ ಮಲಗಿಸಿ ನೋಡಿದರು. 2011ರಲ್ಲಿ ಪ್ರಕಟವಾದ ಆ ಪುಟ್ಟ ಪ್ರಯೋಗದಲ್ಲಿ, ನಿಂತ ಮಂಚಕ್ಕಿಂತ ತೂಗುವ ಮಂಚದಲ್ಲಿ ನಿದ್ದೆ ಬೇಗ ಹತ್ತಿತು. ಆ ಮಂಚ 4 ಸೆಕೆಂಡಿಗೆ ಒಮ್ಮೆ ಹೋಗಿ ಬರುತ್ತಿತ್ತು.

ವಿದ್ಯಾರ್ಥಿಗಳೇ, ಲೋಲಕದ ಸೂತ್ರ ನೆನಪಿದೆಯಷ್ಟೆ? ಆಂದೋಲನದ ಕಾಲ ಲೋಲಕದ ಉದ್ದವನ್ನು ಅವಲಂಬಿಸಿದೆ, ತೂಕವನ್ನಲ್ಲ. ತೊಲೆಯಿಂದ ಕೂಸಿನವರೆಗೆ 1 ಮೀಟರ್ ಇದ್ದರೆ ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡು. 2 ಮೀಟರ್ ಇದ್ದರೆ 2.8 ಸೆಕೆಂಡು. 4 ಸೆಕೆಂಡು ಬೇಕೆಂದರೆ 4 ಮೀಟರ್ ಉದ್ದ ಬೇಕು. ಹಳೆಯ ಮನೆಗಳ ಎತ್ತರದ ತೊಲೆಗೆ ಕಟ್ಟಿದ ತೊಟ್ಟಿಲು ಯಾಕೆ ಅಷ್ಟು ನಿಧಾನವಾಗಿ, ಗಂಭೀರವಾಗಿ ತೂಗುತ್ತಿತ್ತು ಎಂಬುದು ಈಗ ತಿಳಿಯಿತಲ್ಲವೆ?

ತೊಟ್ಟಿಲು ನಿದ್ದೆಗೆ ಮೆಟ್ಟಿಲಾದರೆ ಚೆನ್ನ. ಅದೇ ಊರುಗೋಲಾದರೆ ಕಷ್ಟ, ಏಕೆಂದರೆ ಊರುಗೋಲನ್ನು ರಾತ್ರಿಯಿಡೀ ಯಾರಾದರೂ ಹಿಡಿದಿರಬೇಕು. ಆ ಮನೆಯಲ್ಲಿ ಹಿಡಿದಿದ್ದವಳು ನನ್ನ ವಿದ್ಯಾರ್ಥಿನಿ.

ಇನ್ನೊಂದು ಸಂಗತಿಯೂ ಇತ್ತು. ಅವರದು ಮರದ ತೊಟ್ಟಿಲಲ್ಲ, ಹಳೆಯ ಸೀರೆಯ ಜೋಳಿಗೆ. ಅದರಲ್ಲಿ ಕೂಸಿನ ಬೆನ್ನು ಬಾಗಿ, ಗದ್ದ ಎದೆಗೆ ತಾಗುವುದುಂಟು. ಆಗ ಉಸಿರಿನ ದಾರಿ ಕಿರಿದಾಗುತ್ತದೆ. ಹೊರಳಾಡುವ, ಎದ್ದು ಕೂಡುವ ಕೂಸಾದರೆ ಬೀಳುವ ಅಥವಾ ಬಟ್ಟೆಗೆ ಕುತ್ತಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಎಲ್ಲರೂ ಮಲಗಿರುವ ರಾತ್ರಿಯಲ್ಲಿ ಅದು ತಕ್ಕ ಹಾಸಿಗೆಯಲ್ಲ.

ದಸರಾ ರಜೆಯ ಪ್ರಯೋಗ

ಒಂದು ಸಂಜೆ ಅವರ ಮನೆಗೆ ಹೋದೆ. ತಾಯಿ ಅಪರಾಧಿಯಂತೆ ನಿಂತಳು. "ನಾ ಏನ್ ಮಾಡ್ಲಿ ಸರ? ನಾಕಕ್ಕ ಎದ್ದು ನೂರ ರೊಟ್ಟಿ ಬಡೀಬೇಕ್ರಿ" ಎಂದಳು. ತಪ್ಪು ಅವಳದಲ್ಲ. ನಾನು ಹುಡುಗಿಗೆ ಒಂದು ವಹಿ ಕೊಟ್ಟು, ಪ್ರಯೋಗಶಾಲೆಯ ದಾಖಲೆಯಂತೆ ಮೂರು ಕಲಮು ಹಾಕಿಸಿದೆ: ಕೂಸು ಎದ್ದ ಸಮಯ, ಏನು ಮಾಡಿದೆವು, ಮತ್ತೆ ಮಲಗಿದ ಸಮಯ. ಒಂದು ವಾರ ಬರೆದಳು. ರಾತ್ರಿ ಐದಾರು ಸಲ ಏಳುತ್ತಿತ್ತು. ಹಾಲು ಕುಡಿಯುತ್ತಿದ್ದುದು ಎರಡೇ ಸಲ. ಉಳಿದಷ್ಟು ಸಲ ತೂಗಿದ ಕೂಡಲೇ ಮಲಗುತ್ತಿತ್ತು. ಹಾಗಾದರೆ ಆ ಉಳಿದ ಅಳು ಹಸಿವಿನದಲ್ಲ ಎಂದು ಹುಡುಗಿಯೇ ತೀರ್ಮಾನ ಬರೆದಳು.

ಮೊದಲು ಕೂಸನ್ನು ವೈದ್ಯರಿಗೆ ತೋರಿಸಲು ಹೇಳಿದೆ. ಕಿವಿನೋವು, ಜ್ವರ, ಸರಿಯಾಗಿ ಏರದ ತೂಕ, ಜೋರು ಗೊರಕೆ, ಇವೆಲ್ಲ ನಿದ್ದೆ ಕೆಡಿಸುತ್ತವೆ. ಇವಿದ್ದರೆ ಅಭ್ಯಾಸ ಮಾಡಿಸುವ ಮಾತೇ ಬೇಡ, ಔಷಧ ಬೇಕು. ಈ ಕೂಸು ಆರೋಗ್ಯವಾಗಿತ್ತು. ವಯಸ್ಸೂ ಆರು ತಿಂಗಳು ದಾಟಿತ್ತು. ಎಳೆಯ ಕೂಸಿನ ಹೊಟ್ಟೆ ಚಿಕ್ಕದು, ಅದಕ್ಕೆ ರಾತ್ರಿ ಹಾಲು ಬೇಕೇ ಬೇಕು. ಮೊದಲ ಎರಡು ಮೂರು ತಿಂಗಳು ಅದರ ದೇಹದ ಗಡಿಯಾರವೂ ಸರಿಯಾಗಿ ಓಡುತ್ತಿರುವುದಿಲ್ಲ, ಹಗಲು ರಾತ್ರಿಯ ಭೇದ ತಿಳಿಯುವುದಿಲ್ಲ. ಅಂಥ ಕೂಸಿಗೆ ಈ ಪಾಠ ಕಲಿಸಲು ಹೋಗಬಾರದು.

ದಸರಾ ರಜೆಯಲ್ಲಿ ತಂದೆ ಊರಿಗೆ ಬಂದರು. ನನ್ನ ಮಗನ ಕಥೆಯನ್ನು, ಹೆಂಡತಿ ಆಡಿದ ಮಾತನ್ನು ಮುಚ್ಚಿಡದೆ ಅವರಿಗೆ ಹೇಳಿದೆ. ಅವರು ನಕ್ಕು, "ಆತ್ರಿ ಸರ, ಒಂದು ವಾರ ಗಾಡಿ ಹತ್ತಂಗಿಲ್ಲ, ರಾತ್ರಿ ನಾ ನೋಡ್ಕೋತೀನಿ" ಎಂದರು. ಲಾರಿಯವರಿಗೆ ರಾತ್ರಿ ಎಚ್ಚರವಿರುವುದು ಹೊಸದೇನಲ್ಲ!

ಮಾಡಿದ್ದು ಇಷ್ಟು. ತಾಯಿಯ ಹಾಸಿಗೆಯ ಪಕ್ಕದಲ್ಲಿ, ಕೈಗೆಟುಕುವ ದೂರದಲ್ಲಿ, ಬಿಗಿಯಾಗಿ ಮಡಿಸಿದ ತೆಳು ಕೌದಿಯ ಮೇಲೆ ಕೂಸಿಗೆ ಅದರದೇ ಹಾಸಿಗೆ. ನೆಲದ ಮೇಲಾದ್ದರಿಂದ ಬೀಳುವ ಭಯವಿಲ್ಲ. ಮೇಲೆ ಸೊಳ್ಳೆಪರದೆ. ದಿಂಬಿಲ್ಲ, ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬೂ ಇಲ್ಲ. ಮೆತ್ತನೆಯ ಗೊಂಬೆಯಿಲ್ಲ, ದಪ್ಪ ಹೊದಿಕೆಯಿಲ್ಲ. ಮಲಗಿಸುವುದು ಬೆನ್ನ ಮೇಲೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಕೂಸುಗಳನ್ನು ಬೆನ್ನ ಮೇಲೆ ಮಲಗಿಸಿರೆಂದು ದೊಡ್ಡ ಪ್ರಚಾರ ನಡೆಸಿದ ಮೇಲೆ, ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಕೂಸುಗಳ ಸಂಖ್ಯೆ ಅರ್ಧಕ್ಕೂ ಕಡಿಮೆಯಾಯಿತು. ತಂದೆತಾಯಿಯ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಿಸಬೇಕೆಂಬುದು ಅಲ್ಲಿನ ಮಕ್ಕಳ ವೈದ್ಯರ ಸಂಘದ ಸಲಹೆ. ಕೂಸಿಗೆ ಬೇರೆ ಕೋಣೆ ಬೇಕಿಲ್ಲ. ನಮ್ಮ ಎರಡು ಕೋಣೆಯ ಮನೆಗಳಿಗೆ ಇದು ಅನುಕೂಲವೇ ಆಯಿತು. ಕುಡಿದವರು, ಬೀಡಿ ಸಿಗರೇಟು ಸೇದುವವರು ಮಾತ್ರ ಕೂಸಿನ ಮಗ್ಗುಲಲ್ಲಿ ಮಲಗಲೇಬಾರದು.

ದಿನವೂ ಒಂದೇ ಕ್ರಮ: ಸಂಜೆ ಮೈ ತೊಳೆದು, ಹೊಟ್ಟೆ ತುಂಬ ಹಾಲು, ದೀಪ ಸಣ್ಣದು ಮಾಡಿ ಒಂದು ಜೋಗುಳ, ಆಮೇಲೆ ಹಾಸಿಗೆ. ಮುಖ್ಯವಾದ ಮಾತು, ಕಣ್ಣು ಎಳೆಯುತ್ತಿರುವಾಗ, ಪೂರ್ತಿ ನಿದ್ದೆ ಹೋಗುವ ಮೊದಲೇ ಕೆಳಗೆ ಮಲಗಿಸಬೇಕು. ಆಗ ಕೊನೆಯ ಹೆಜ್ಜೆಯನ್ನು ಕೂಸು ತಾನೇ ಇಡುತ್ತದೆ. ಸಂಧಿಯಲ್ಲಿ ಕಣ್ಣು ಬಿಟ್ಟಾಗಲೂ ಅದೇ ಹಾಸಿಗೆ, ಅದೇ ಕತ್ತಲೆ ಇರುವುದರಿಂದ ಗಾಬರಿಯಾಗದು. ಅತ್ತರೆ ಓಡಬಾರದು, ಎರಡು ನಿಮಿಷ ಕಾಯಬೇಕು. ಎಷ್ಟೋ ಸಲ ಅದು ಅರೆನಿದ್ದೆಯ ಕುಂಯ್ ಮಾತ್ರ. ನಿಲ್ಲದಿದ್ದರೆ ಪಕ್ಕದಲ್ಲಿ ಕುಳಿತು ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಬೇಕು. ದೀಪ ಹಚ್ಚುವುದು, ಆಡಿಸುವುದು, ಮೊಬೈಲ್ ತೋರಿಸುವುದು ಬೇಡ. ಬೆಳಕು ಕಣ್ಣಿಗೆ ಬಿದ್ದರೆ, ನಿದ್ದೆಯ ಹೊತ್ತನ್ನು ಸಾರುವ ಮೆಲಟೋನಿನ್ ಎಂಬ ರಸದೂತ ಕಡಿಮೆಯಾಗುತ್ತದೆ. ರಾತ್ರಿಯ ತಾಯಿಹಾಲಿನಲ್ಲಿ ಇದೇ ಮೆಲಟೋನಿನ್ ಇರುತ್ತದೆಂಬುದು ಪ್ರಕೃತಿಯ ಜಾಣತನ. ಹಗಲು ಮಾತ್ರ ಕೂಸನ್ನು ಬೆಳಕಿನಲ್ಲಿ, ಗದ್ದಲದಲ್ಲೇ ಆಡಲು ಬಿಡಬೇಕು.

ನಿದ್ದೆ ಬರಲೆಂದು ಕೆಮ್ಮಿನ ಔಷಧ ಕುಡಿಸುವವರು ಈಗಲೂ ಇದ್ದಾರೆ. ಅದು ಪ್ರಾಣಕ್ಕೇ ಎರವಾಗಬಹುದು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದೂ ಅಪಾಯ.

ಅಜ್ಜಿಯ ಆಕ್ಷೇಪ

ಮೊದಲ ರಾತ್ರಿ ಕೂಸು ತಂದೆಯ ಕೈ ಎದೆಯ ಮೇಲಿದ್ದರೂ ನಲವತ್ತು ನಿಮಿಷ ಅತ್ತಿತು. ಮರುದಿನ ಅಜ್ಜಿ ನನ್ನನ್ನೇ ತರಾಟೆಗೆ ತೆಗೆದುಕೊಂಡರು. "ಅತ್ತು ಅತ್ತು ಹೊಕ್ಕಳಾ ಉಬ್ಬತೈತ್ರಿ ಮಾಸ್ತರ. ನಾವು ಆರು ಮಕ್ಕಳನ್ನ ಬೆಳಸೀವಿ, ಒಂದನ್ನೂ ಹಿಂಗ ಅಳಿಸಿಲ್ಲ." ಹೊಕ್ಕಳ ಬುಡದ ಸ್ನಾಯು ಸರಿಯಾಗಿ ಕೂಡದಿದ್ದರೆ ಅಳುವಾಗ ಅದು ಉಬ್ಬಿ ಕಾಣುತ್ತದೆ, ಅಳುವುದರಿಂದ ಆ ದೋಷ ಹುಟ್ಟುವುದಿಲ್ಲ ಎಂದು ವಿವರಿಸಿದೆ. ಆದರೆ ಅಜ್ಜಿಯ ಎರಡನೆಯ ಮಾತು ನನ್ನನ್ನೂ ಕಾಡಿತು. ಅಳಿಸಿದ ಕೂಸಿನ ಮನಸ್ಸಿಗೆ ಪೆಟ್ಟಾದೀತೇ?

ಈ ಪ್ರಶ್ನೆಯನ್ನು ಆಸ್ಟ್ರೇಲಿಯದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ನಿದ್ದೆಯ ತೊಂದರೆಯಿದ್ದ ಏಳು ತಿಂಗಳ 326 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಪಾಲಕರಿಗೆ ಮಾತ್ರ ಇಂಥ ಅಭ್ಯಾಸ ಹೇಳಿಕೊಟ್ಟರು. ಆ ಮಕ್ಕಳಿಗೆ ಆರು ವರ್ಷವಾದಾಗ ಮತ್ತೆ ಪರೀಕ್ಷಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನಸ್ಸಿನ ಆರೋಗ್ಯದಲ್ಲಿ, ತಂದೆತಾಯಿಯೊಡನೆ ಇರುವ ನಂಟಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಹಾನಿಯೂ ಇರಲಿಲ್ಲ, ಶಾಶ್ವತವಾದ ಲಾಭವೂ ಇರಲಿಲ್ಲ. ಈ ಎರಡನೆಯ ಮಾತನ್ನೂ ಮರೆಯಬಾರದು. ಅಭ್ಯಾಸ ಮಾಡಿಸಿದ ಮಕ್ಕಳು ಜಾಣರಾಗುತ್ತಾರೆ, ಮಾಡಿಸದವರು ಕೆಡುತ್ತಾರೆ ಎಂದೇನಿಲ್ಲ. ಇದು ಮನೆಯವರ ಆಯಾಸಕ್ಕೆ ಉಪಾಯ, ಅಷ್ಟೇ. ಕೂಸನ್ನು ಮಗ್ಗುಲಲ್ಲಿಟ್ಟುಕೊಂಡು, ಎರಡು ಸಲ ಎದ್ದು ಹಾಲು ಕೊಟ್ಟು ಸಂತೋಷವಾಗಿರುವ ತಾಯಿ ತನ್ನಲ್ಲೇನೋ ಕೊರತೆಯಿದೆಯೆಂದು ಭಾವಿಸಬೇಕಿಲ್ಲ. ಕೆನಡಾದಲ್ಲಿ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳ ಕೂಸುಗಳಲ್ಲಿ ಶೇಕಡಾ 38ರಷ್ಟು ಒಂದೇ ಸಮನೆ ಆರು ತಾಸು ಮಲಗುತ್ತಿರಲಿಲ್ಲ. ಅವು ಬೆಳವಣಿಗೆಯಲ್ಲೇನೂ ಹಿಂದೆ ಬಿದ್ದಿರಲಿಲ್ಲ.

ಅಜ್ಜಿ ಒಪ್ಪಿದರೆಂದು ಹೇಳಲಾರೆ. ಆದರೆ ಮೊಮ್ಮಗಳ ಹೆಬ್ಬೆರಳನ್ನು ತೋರಿಸಿದಾಗ ಸುಮ್ಮನಾದರು. ಎರಡನೆಯ ರಾತ್ರಿ ಅಳು ಇಪ್ಪತ್ತೈದು ನಿಮಿಷ, ಮೂರನೆಯ ರಾತ್ರಿ ಮತ್ತೆ ಮೂವತ್ತು, ಐದನೆಯ ರಾತ್ರಿ ಹತ್ತು. ವಹಿಯಲ್ಲಿ ಎಲ್ಲವೂ ದಾಖಲಾಗಿದೆ. ಹತ್ತನೆಯ ದಿನ ಕೂಸಿಗೆ ನೆಗಡಿಯಾಗಿ ಎಲ್ಲವೂ ಮೊದಲಿನಂತಾಯಿತು. ಕಾಯಿಲೆಯಲ್ಲಿ ಎತ್ತಿಕೊಂಡೇ ಮಲಗಿಸಿರೆಂದು ನಾನೇ ಹೇಳಿದೆ. ನೆಗಡಿ ಹೋದ ಮೇಲೆ ಮತ್ತೆ ಶುರು. ತಂದೆ ಗಾಡಿ ಹತ್ತಿದ್ದರು, ಅವರ ಜಾಗದಲ್ಲಿ ಎದೆಯ ಮೇಲೆ ಕೈಯಿಟ್ಟು ಕುಳಿತದ್ದು ಅದೇ ಅಜ್ಜಿ. ತಿಂಗಳಾಗುವಷ್ಟರಲ್ಲಿ ಕೂಸು ರಾತ್ರಿ ಒಂಬತ್ತಕ್ಕೆ ಮಲಗಿ ಮೂರೂವರೆಯ ಹೊತ್ತಿಗೆ ಏಳತೊಡಗಿತು. ತಾಯಿ ಎದ್ದು ಹಾಲು ಕುಡಿಸಿ ಒಲೆ ಹಚ್ಚುತ್ತಾಳೆ. ಕೂಸು ಆರರವರೆಗೆ ಮತ್ತೊಂದು ನಿದ್ದೆ ಮಾಡುತ್ತದೆ.

ಇನ್ನು ನಿಮ್ಮ ನಿದ್ದೆ

ವಿದ್ಯಾರ್ಥಿಗಳೇ, ನಿಮ್ಮ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು. ನಿದ್ದೆ ಮಾಡಿದರೆ ಓದುವ ಸಮಯ ಹಾಳು ಎಂದು ತಿಳಿಯಬೇಡಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಷ್ಟು ಹಿಂದೆಯೇ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿ ನೋಡಿದರು. ಕಲಿತು ಮಲಗಿದಾಗ ನೆನಪು ಹೆಚ್ಚು ಉಳಿಯಿತು. ಕಲಿತು ಅಷ್ಟೇ ಹೊತ್ತು ಎಚ್ಚರವಿದ್ದಾಗ ಹೆಚ್ಚು ಮರೆಯಿತು. ಹಗಲು ಓದಿದ್ದನ್ನು ಮಿದುಳು ಗಟ್ಟಿಮಾಡಿಕೊಳ್ಳುವುದರಲ್ಲಿ ನಿದ್ದೆಯ ಪಾಲಿದೆಯೆಂದು ಆಮೇಲಿನ ಅನೇಕ ಪ್ರಯೋಗಗಳೂ ತೋರಿಸಿವೆ.

ಪಾಲಕರಿಗೆ ಒಂದು ವಿನಂತಿ. ಮನೆಯ ಕೂಸಿನ ರಾತ್ರಿಯ ಪಾಳಿ ಓದುವ ಮಗಳ ಹೆಗಲಿಗೇ ಬೀಳುವುದು ಅನೇಕ ಮನೆಗಳಲ್ಲಿ ಯಾರಿಗೂ ಕಾಣದ ಸಂಗತಿ. ಮಗನ ಕಾಲಿಗೆ ಹಗ್ಗ ಕಟ್ಟಿದ್ದನ್ನು ನಾನು ನೋಡಿಲ್ಲ. ಗಂಡಸರು ವಾರದಲ್ಲಿ ಎರಡು ರಾತ್ರಿಯಾದರೂ ಆ ಪಾಳಿ ಹೊತ್ತರೆ ಕೂಸಿಗೇನೂ ಕೊರತೆಯಾಗದು. ನಾನು ತಪ್ಪಿಸಿಕೊಂಡವನು, ಆದ್ದರಿಂದಲೇ ಹೇಳುತ್ತಿದ್ದೇನೆ.

ರಜೆ ಮುಗಿದು ಶಾಲೆ ಶುರುವಾದ ದಿನ, ಯಾವ ತರಗತಿಯ ಎದುರು ಅವಳನ್ನು ನಿಲ್ಲಿಸಿದ್ದೆನೋ ಅದೇ ತರಗತಿಯ ಎದುರು ನನ್ನ ತಪ್ಪನ್ನು ಒಪ್ಪಿಕೊಂಡೆ. ಅಂದಿನಿಂದ ತೂಕಡಿಸುವ ಮಕ್ಕಳನ್ನು ನಿಲ್ಲಿಸುವುದನ್ನು ಬಿಟ್ಟು, ಪಾಠವಾದ ಮೇಲೆ ಹತ್ತಿರ ಕರೆದು ಎರಡು ಪ್ರಶ್ನೆ ಕೇಳುತ್ತೇನೆ: "ರಾತ್ರಿ ಎಷ್ಟಕ್ಕೆ ಮಲಗಿದಿ? ಯಾಕ ತಡ ಆತು?" ಎರಡನೆಯ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ಮೊಬೈಲ್ ಇದೆ ನಿಜ. ಆದರೆ ಹಾಲು ಹಾಕುವ ಕೆಲಸವಿದೆ, ಕಾಯಿಲೆಯ ಅಜ್ಜನಿದ್ದಾನೆ, ಕುಡಿದು ಬರುವ ಅಪ್ಪನೂ ಇದ್ದಾನೆ.

ಈ ವಾರದ ಪ್ರಯೋಗ: ಮನೆಯಲ್ಲೋ ನೆರೆಮನೆಯಲ್ಲೋ ತೂಗುವ ತೊಟ್ಟಿಲಿದ್ದರೆ, ಕೂಸು ಇಲ್ಲದಾಗ, ಅದು ಹತ್ತು ಸಲ ಹೋಗಿ ಬರಲು ಹಿಡಿಯುವ ಸಮಯವನ್ನು ಅಳೆಯಿರಿ. ಹತ್ತರಿಂದ ಭಾಗಿಸಿದರೆ ಆಂದೋಲನದ ಕಾಲ ಸಿಗುತ್ತದೆ. ಅದರಿಂದ ಲೋಲಕದ ಉದ್ದವನ್ನು ಲೆಕ್ಕಹಾಕಿ, ಆಮೇಲೆ ಟೇಪು ಹಿಡಿದು ತಾಳೆ ನೋಡಿ. ರಾತ್ರಿ ಹತ್ತರೊಳಗೆ ಮುಗಿಸಿ ಮಲಗಿಬಿಡಿ.